ಪೇಟಿಯ ಮುಖ ಯಾರ ಕಡೆಗೆ

೨೨ ಆಗಸ್ಟ್ ೧೯೭೮, ಮಂಗಳವಾರ

ಯಳವತ್ತಿಯಿಂದ ಬೆಳಗಿನ ಬಸ್ಸಿಗೆ ಬಂದೆ. ಸೊಂಟ ಹಿಡಿದುಕೊಂಡಿದೆ. ಹಾರ್ಮೋನಿಯಂ ಪೇಟಿಯನ್ನು ಬಸ್ಸಿನ ತಲೆಯ ಮೇಲೆ ಹಾಕೋಣ ಎಂದ ಕಂಡಕ್ಟರನ ಮಾತು ಕೇಳದೆ ಗದಗಿನವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದರ ಫಲ. ಬಂದವನೇ ಎರಡು ತಂಬಿಗೆ ನೀರು ಸುರಿದುಕೊಂಡು ಅಡತಿ ಅಂಗಡಿಗೆ ಹೋಗಿ ಸಂಜೆತನಕ ಗುಮಾಸ್ತಿಕೆ ಮಾಡಿದೆ. ಐವತ್ತು ದಾಟಿದವನಿಗೆ ಇದೆಲ್ಲ ಯಾಕೆ ಬೇಕು ಎಂದು ಹೆಂಡತಿ ನರ್ಮದಾ ಕೇಳುತ್ತಾಳೆ.

ಶ್ರಾವಣ ಸೋಮವಾರದ ಗಾಯನ ಮಾತ್ರ ಚೆನ್ನಾಗಿ ಆಯಿತು. ಗದಿಗೆವ್ವ ಭೀಮಪಲಾಸ ಹಿಡಿದರೆ ಈಗಲೂ ಮಂದಿ ಎಲೆ ಅಡಿಕೆ ಮೆಲ್ಲುವುದನ್ನು ಮರೆಯುತ್ತಾರೆ. ನಾಟಕ ಕಂಪನಿ ಬಿಟ್ಟ ಮೇಲೆ ಆಕೆ ಊರೂರಲ್ಲಿ ತತ್ವಪದ ಹಾಡುತ್ತ ಬಂದಿದ್ದಾಳೆ. ಅಷ್ಟೂ ವರ್ಷ ಪೇಟಿಗೆ ನಾನು, ತಬಲಾಕ್ಕೆ ತಿರಕಪ್ಪ. ಈಗ ಆಕೆಗೆ ಅರವತ್ತು ದಾಟಿದೆ, ಉಸಿರು ಮೊದಲಿನಂತೆ ಇಲ್ಲ. ಸಾಲಿನ ನಡುವೆ ಉಸಿರು ಕೈಕೊಡುವ ಮುಂಚೆ ಆಕೆಯ ಎಡಹುಬ್ಬು ಚೂರು ಮೇಲೇಳುತ್ತದೆ. ಅದು ಕಂಡ ಕೂಡಲೇ ನಾನು ಆಕೆಯ ಸ್ವರವನ್ನು ಪೇಟಿಯಲ್ಲಿ ಹಿಡಿದು ಮುಂದೆ ಒಯ್ಯುತ್ತೇನೆ. ಗದಿಗೆವ್ವ ಬೇಕೆಂದೇ ಪೇಟಿಗೆ ಬಿಟ್ಟುಕೊಟ್ಟಳು ಎಂದು ತಿಳಿದು ಮಂದಿ ವಾಹ್ ವಾಹ್ ಎನ್ನುತ್ತಾರೆ. ಈ ಹುಬ್ಬಿನ ವಿಷಯ ನಮ್ಮಿಬ್ಬರ ನಡುವೆ ಎಂದೂ ಮಾತಿಗೆ ಬಂದಿಲ್ಲ. ಆಕೆಗೇ ಗೊತ್ತಿಲ್ಲ ಎಂದು ನನ್ನ ಎಣಿಕೆ.

ಅದಕ್ಕೇ ನಾನು ಪೇಟಿಯನ್ನು ಸದಾ ಆಕೆಯ ಕಡೆಗೆ ತಿರುಗಿಸಿ ಕೂಡುವುದು. ಮಂದಿಗೆ ಕಾಣುವುದು ನನ್ನ ಒಂದು ಕಿವಿ, ಒಂದು ಮೊಣಕೈ. ಸಾಕಲ್ಲ, ಇನ್ನೇನು ತೋರಿಸಬೇಕಾಗಿದೆ ಅವರಿಗೆ?

ಗಾಯನ ಮುಗಿದ ಮೇಲೆ ಇಬ್ಬರು ಮೂವರು ಬಂದು, "ಪೇಟಿ ಎಲ್ಲಿಂದ ತಂದೀರಿ?" ಎಂದು ಕೇಳಿದರು. ಹಳೆಯದು, ಮಿರಜದ್ದು ಎಂದೆ. ಮೈಕಿನವನ ಪಕ್ಕ ಸಫಾರಿ ತೊಟ್ಟು ನಿಂತಿದ್ದ ಒಬ್ಬಾತ ನನ್ನನ್ನೇ ನೋಡುತ್ತಿದ್ದ. ಸಾಲ ವಸೂಲಿಯವನಂತೆ ಕಂಡ.

೨೭ ಆಗಸ್ಟ್, ರವಿವಾರ

ಆ ಸಫಾರಿಯವನು ಮನೆಗೇ ಬಂದ. ಹೆಸರು ಚನ್ನಬಸವಣ್ಣ, ಹುಬ್ಬಳ್ಳಿಯ ಕಮಲನಾದ ಪೇಟಿ ಕಂಪನಿಯ ಏಜೆಂಟ. ಚಹಾ ಕುಡಿಯುತ್ತ ನೇರವಾಗಿ ಹೇಳಿದ:

"ನನಗ ಸಾ ಯಾವುದು, ಪಾ ಯಾವುದು ತಿಳಿಯೂದಿಲ್ರಿ ಮಾಸ್ತರ. ಖರೆ ಹೇಳ್ತೇನಿ, ನಾ ಹಾಡ ಕೇಳಾಂವ ಅಲ್ಲ. ಹಾಡ ಮುಗದ ಮ್ಯಾಲ ಮಂದಿ ಯಾರ ಹತ್ರ ಹೊಕ್ಕಾರ ಅಂತ ನೋಡಾಂವ. ಹಾಡಿದವರ ಕಾಲ ಮುಗೀತಾರ, ಮನಿಗೆ ಹೊಕ್ಕಾರ. ಪೇಟಿ ಯಾವುದು ಅಂತ ಕೇಳಾಂವ ನುಡಿಸಿದವರ ಹತ್ರನ ಬರ್ತಾನ. ಮಗಳನ್ನ ನೋಡಾಕ ಬೀಗರು ಬರೂದರಾಗ ಮನ್ಯಾಗ ಒಂದು ಪೇಟಿ ಬೇಕಾಗಿರ್ತೈತಿ ಅವಂಗ."

ಅವನ ಮಾತು ಇಷ್ಟು. ಕಂಪನಿ ನನಗೆ ಹೊಸ ಪೇಟಿ ಕೊಡುತ್ತದೆ, ಅದು ನನ್ನದೇ. ಹೊಸ ವರ್ಷದ ಕ್ಯಾಲೆಂಡರಿನಲ್ಲಿ ನನ್ನ ಫೋಟೋ ಹಾಕುತ್ತದೆ. ನಾನು ವರ್ಷವಿಡೀ ಅದನ್ನೇ ನುಡಿಸಬೇಕು. ಹಳೆಯ ಪೇಟಿ ಮನೆಯಲ್ಲಿ ಇರಕೂಡದು, ಬಂದವರು ನೋಡಿದರೆ ಕಂಪನಿಗೆ ಕೆಟ್ಟ ಹೆಸರು. ಕಾರ್ಯಕ್ರಮದ ಮೊದಲು ಮೈಕಿನಲ್ಲಿ ಕಂಪನಿಯ ಹೆಸರು ಹೇಳಿಸಬೇಕು. ಕಡೆಯದು, ಪೇಟಿಗೆ ಗಾಳಿ ಹಾಕುವ ತಿದಿಯ ಹಲಗೆ ಯಾವಾಗಲೂ ಮಂದಿಯ ಕಡೆಗೇ ಇರಬೇಕು. ಅದರ ಮೇಲೆ ಹಿತ್ತಾಳೆಯ ಅಕ್ಷರಗಳಿವೆಯಂತೆ. ತಿದಿ ಒತ್ತಿದಾಗೆಲ್ಲ ಫಳಫಳ ಎನ್ನುತ್ತವಂತೆ.

ಯೋಚಿಸಿ ಹೇಳುತ್ತೇನೆ ಎಂದೆ. ಅವನು ಹೋದ ಮೇಲೆ ನರ್ಮದಾ, "ಹಳೇದು ಮನ್ಯಾಗ ಇರಬಾರದು, ಹೊಸದನ್ನ ಬಿಟ್ಟು ಬ್ಯಾರೆ ಮುಟ್ಟಬಾರದು, ಸದಾ ಮುಂದ ಮಾಡಿ ತೋರಸ್ಬೇಕು. ಇದು ಪೇಟಿ ಕೊಡೂದೋ ಹೆಣ್ಣು ಕೊಡೂದೋ?" ಎಂದಳು. ನಗು ಬಂತು.

ಮೂವತ್ತು ವರ್ಷ ನುಡಿಸಿದ್ದೇನೆ. ಗೋಡೆಗೆ ಅಂಟಿಸುವ ಭಿತ್ತಿಪತ್ರದಲ್ಲಿ ನನ್ನ ಹೆಸರನ್ನು ಒಮ್ಮೆ 'ಮಾರುತಿ' ಎಂದು, ಇನ್ನೊಮ್ಮೆ 'ಪಕ್ಕವಾದ್ಯದವರು' ಎಂದು ಹಾಕಿದ್ದರು. ಮಾರ್ತಾಂಡ ಎಂದು ಬರೆಯಲು ಏನು ಕಷ್ಟವೋ.

೩೦ ಆಗಸ್ಟ್

ಬೆಟಗೇರಿಗೆ ಹೋಗಿ ಗದಿಗೆವ್ವನಿಗೆ ವಿಷಯ ತಿಳಿಸಿದೆ. ಆಕೆ ಹಪ್ಪಳದ ಹಿಟ್ಟು ನಾದುತ್ತಿದ್ದಳು.

"ತಗೋರಿ ಮಾಸ್ತರ. ಇಷ್ಟ ವರ್ಷದಾಗ ಯಾರರ ನಿಮ್ಮನ್ನ ಹುಡುಕ್ಕೊಂಡು ಬಂದಾರಂದ್ರ ಬ್ಯಾಡ ಅನ್ನಬಾರದು" ಎಂದಳು.

ಹಲಗೆ ಮಂದಿಯ ಕಡೆ ಇರಬೇಕೆಂಬ ಮಾತನ್ನೂ ಹೇಳಿದೆ. ಹಿಟ್ಟು ನಾದುವ ಕೈ ಒಂದು ಗಳಿಗೆ ನಿಂತಿತು. "ಇರವಲ್ದ್ಯಾಕ, ಅದಕ್ಕೇನಾತು" ಎಂದು ಮತ್ತೆ ನಾದತೊಡಗಿದಳು. ನನಗೆ ಸಮಾಧಾನವಾಯಿತು.

೩ ಸೆಪ್ಟೆಂಬರ್, ರವಿವಾರ

ಪೇಟಿ ಬಂತು. ಸಾಗುವಾನಿ, ಕನ್ನಡಿಯಂಥ ಪಾಲಿಶ್, ದನಿ ದೊಡ್ಡದು. ಮೃದು ಎನ್ನಲಾರೆ, ಆದರೆ ಹಿಂದಿನ ಸಾಲಿನವರಿಗೂ ಕೇಳುತ್ತದೆ.

ಹಳೆಯದನ್ನು ಸೈಕಲ್ಲಿಗೆ ಕಟ್ಟಿ ಮಲ್ಲಸಮುದ್ರದ ಭಜನಾ ಮಂಡಳಿಗೆ ಕೊಟ್ಟು ಬಂದೆ. ಮಂಡಳಿಯ ಹಿರಿಯ ಹುಚ್ಚೀರಪ್ಪ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದ. "ಕೊಟ್ಟದ್ದು ಗುಡಿಗೆ ಆತು ನೋಡ್ರಿ, ಇನ್ನ ತಿರುಗಿ ಕೇಳೂಹಂಗಿಲ್ಲ" ಎಂದು ನಕ್ಕ. ಮಳೆಗಾಲದಲ್ಲಿ ಅದರ ಕೋಮಲ ನಿಷಾದದ ಮನೆ ಸಿಕ್ಕಿಕೊಳ್ಳುತ್ತದೆ, ಬೆರಳಿನಿಂದ ಕೆಳಗಿನಿಂದ ಎತ್ತಬೇಕು ಎಂದು ತೋರಿಸಿಕೊಟ್ಟೆ. ಬರುವಾಗ ಸೈಕಲ್ ಹಗುರವಾಗಿತ್ತು. ಮನಸ್ಸು ಯಾಕೋ ಆಗಲಿಲ್ಲ.

೯ ಸೆಪ್ಟೆಂಬರ್

ಬೆಟಗೇರಿಯ ಗಣಪತಿ ಪೆಂಡಾಲಿನಲ್ಲಿ ಮೊದಲ ಸಲ ಹೊಸ ಪೇಟಿ. ಮೈಕಿನಲ್ಲಿ, "ಕಮಲನಾದ ಪೇಟಿಯ ಮೇಲೆ ಶ್ರೀ ಮಾರ್ತಾಂಡ ಮಾಸ್ತರರು" ಎಂದರು. ಮಾರ್ತಾಂಡ ಎಂದೇ ಹೇಳಿದರು! ನನ್ನ ಕಿವಿ ಬಿಸಿಯಾಯಿತು.

ಮಂದಿಗೆ ಎದುರಾಗಿ ಕೂತು ರೂಢಿಯಿಲ್ಲ. ಇಷ್ಟೊಂದು ಮುಖಗಳು ಇರುತ್ತವೆಂದು ನನಗೆ ಗೊತ್ತೇ ಇರಲಿಲ್ಲ. ಚನ್ನಬಸವಣ್ಣ ಫೋಟೋಗ್ರಾಫರನನ್ನು ಕರೆತಂದಿದ್ದ. ನಾಲ್ಕೈದು ಜನ ಪೇಟಿಯ ಬಗ್ಗೆ ಕೇಳಿದರು, ವಿಳಾಸ ಕೊಟ್ಟೆ.

ಗದಿಗೆವ್ವನ ಸಾಲು ಎರಡು ಕಡೆ ತುಂಡಾಯಿತು. ಮೈಕಿನ ತೊಂದರೆ ಇರಬೇಕು.

೨೪ ಸೆಪ್ಟೆಂಬರ್, ರವಿವಾರ

ಹುಲಕೋಟಿ, ಆಮೇಲೆ ಮತ್ತೆ ಬೆಟಗೇರಿ, ನಡುವೆ ಅಂಗಡಿ. ಮೈ ಮುರಿದುಹೋಗಿದೆ. ನಮ್ಮ ಕಂಪನಿಗೆ ಹುಲಕೋಟಿಯಲ್ಲಿ ಒಳ್ಳೆಯ ಹೆಸರು ಬಂತು. ಅಲ್ಲಿನ ಶಾಲೆಯವರು ಒಂದು ಪೇಟಿ ಬೇಕೆಂದಿದ್ದಾರೆ. ಚನ್ನಬಸವಣ್ಣನಿಗೆ ಖಬರ ಮುಟ್ಟಿಸಬೇಕು.

ಗದಿಗೆವ್ವ ಚಿಕ್ಕ ಚಿಕ್ಕ ಪದಗಳನ್ನೇ ಹಾಡಿದಳು. ಭೀಮಪಲಾಸ ಬೇಕು ಎಂದು ಕೂಗಿದರೂ ಕೇಳದವಳಂತೆ ಭೈರವಿಗೆ ಹೋಗಿ ಮುಗಿಸಿಬಿಟ್ಟಳು. ಇದರಿಂದ ಕಾರ್ಯಕ್ರಮ ಬೇಗ ಮುಗಿಯುತ್ತದೆ, ಪೇಟಿಯನ್ನು ಮಂದಿ ನೋಡುವ ಹೊತ್ತೂ ಕಡಿಮೆಯಾಗುತ್ತದೆ. ಹೇಳಿದರೆ ಬೇಜಾರು ಮಾಡಿಕೊಂಡಾಳು ಎಂದು ಸುಮ್ಮನಾದೆ.

೮ ಅಕ್ಟೋಬರ್, ರವಿವಾರ

ನಿನ್ನೆ ಲಕ್ಷ್ಮೇಶ್ವರದಲ್ಲಿ ನವರಾತ್ರಿಯ ಗಾಯನ. ಬರೆಯುವ ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಅಲ್ಲಿನ ಹಿರಿಯರೊಬ್ಬರು ಎದ್ದು ನಿಂತು ಕೈಮುಗಿದು ಭೀಮಪಲಾಸ ಕೇಳಿದರು. ತಪ್ಪಿಸಿಕೊಳ್ಳುವಂತಿರಲಿಲ್ಲ. ಗದಿಗೆವ್ವ ಶುರು ಮಾಡಿದಳು. ಮೊದಲ ನುಡಿ ಚೆನ್ನಾಗಿ ಹೋಯಿತು. ಎರಡನೆಯದರ ಮೇಲಿನ ಸಾಲಿಗೆ ಏರಿದಾಗ ನಡುವೆಯೇ ದನಿ ನಿಂತಿತು. ಪೂರ್ತಿ ನಿಂತಿತು. ನನಗೆ ಅದು ಗೊತ್ತಾಗಿದ್ದು ಮುಂದಿನ ಸಾಲಿನ ಮಂದಿಯ ಮುಖ ನೋಡಿ. ತಿರುಗಿ ನೋಡುವುದರೊಳಗೆ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ನನ್ನ ಪೇಟಿ ಮಾತ್ರ ಹಾಡಿನ ಹಿಂದಿನ ಸಾಲಿನಲ್ಲೇ ಜೋರಾಗಿ ಒದರುತ್ತಿತ್ತು. ಯಾರೋ ನಕ್ಕರು. ಒಬ್ಬ, "ಮುದುಕಿಗೆ ಚಾ ಕೊಡ್ರಲೇ" ಎಂದ.

ತಿರಕಪ್ಪ ತಬಲಾದಲ್ಲಿ ಒಂದು ತಿಹಾಯಿ ಬಾರಿಸಿ ಮುಗಿಸಿಬಿಟ್ಟ. ಬಸ್ಸಿನಲ್ಲಿ ಆತ ನನ್ನ ಪಕ್ಕ ಕೂಡಲಿಲ್ಲ. ಗದಗಿನಲ್ಲಿ ಇಳಿಯುವಾಗ ಮಾತ್ರ, "ಎಲ್ಲಿ ನೋಡಾಕತ್ತಿದ್ರಿ ನೀವು?" ಎಂದು ಕೇಳಿದ.

ಎಲ್ಲಿ ನೋಡುವುದು? ಎದುರಿಗೇ ನೋಡುತ್ತಿದ್ದೆ. ಒಪ್ಪಿಕೊಂಡಮೇಲೆ ಒಪ್ಪಿಕೊಂಡಂತೆ ಕೂಡಬೇಕಲ್ಲ. ಅಷ್ಟಕ್ಕೂ ಉಸಿರು ಆಕೆಯದು, ನನ್ನದಲ್ಲ. ಅರವತ್ತು ದಾಟಿದವರು ಅಷ್ಟು ಎತ್ತರಕ್ಕೆ ಏರಬಾರದು. ಶ್ರುತಿಯನ್ನು ಕಾಳಿ ಎರಡರಿಂದ ಒಂದು ಪಟ್ಟಿ ಕೆಳಗೆ ಇಳಿಸಿರಿ ಎಂದು ಹೋದ ವರ್ಷವೇ ಹೇಳಿದ್ದೆ.

ತಲೆ ಕೆಟ್ಟು ಮೊಸರು ಗಡಿಗೆ ಆಗಿದೆ. ಮಲಗುತ್ತೇನೆ.

೧೧ ಅಕ್ಟೋಬರ್, ವಿಜಯದಶಮಿ

ಸಂಜೆ ಗದಿಗೆವ್ವ ಬನ್ನಿ ಕೊಡಲು ಬಂದಿದ್ದಳು. ನರ್ಮದಾ ಕೋಸಂಬರಿ ಕೊಟ್ಟಳು. ಎಲೆ ಕೈಗೆ ಕೊಡುತ್ತ ಗದಿಗೆವ್ವ ಹೇಳಿದಳು:

"ಮಾಸ್ತರ, ಮುಂಡರಗಿಯವರಿಗೆ ಮಾತು ಕೊಟ್ಟೇವಿ, ಅದೊಂದು ಹಾಡಿ ಬಿಡ್ತೇನಿ. ಅಲ್ಲಿಗೆ ಸಾಕು. ಮಂದಿ ನಗೂಮಟಾ ಹಾಡಬಾರದು."

ನರ್ಮದಾ ನನ್ನ ಮುಖ ನೋಡಿದಳು. ಬೇಡ, ನಿಲ್ಲಿಸಬೇಡಿರಿ ಎಂದು ನಾನು ಅನ್ನಬೇಕಿತ್ತೋ ಏನೋ. ಆದರೆ ಮೊನ್ನೆಯೇ ಚನ್ನಬಸವಣ್ಣ ಒಂದು ಮಾತು ಹೇಳಿದ್ದ. ಹುಬ್ಬಳ್ಳಿಯಲ್ಲಿ ಒಬ್ಬ ಎಳೆಯ ಹಾಡುಗಾರ ಇದ್ದಾನಂತೆ, ಗಂಟೆಗಟ್ಟಲೆ ಹಾಡಿದರೂ ದಣಿಯುವುದಿಲ್ಲವಂತೆ, ಅವನಿಗೆ ಪೇಟಿಯವರು ಬೇಕಂತೆ. ಅದೇ ತಲೆಯಲ್ಲಿತ್ತು. "ನಿಮ್ಮ ಇಷ್ಟ ಗದಿಗೆವ್ವ" ಎಂದೆ.

ಆಕೆ ತಲೆ ಆಡಿಸಿ, ನರ್ಮದಾಳಿಗೆ ಹಪ್ಪಳ ಕೊಟ್ಟು, ಟಾಂಗಾ ಹತ್ತಿ ಹೋದಳು.

೨೨ ಅಕ್ಟೋಬರ್, ರವಿವಾರ

ಕ್ಯಾಲೆಂಡರ್ ಬಂತು. ದೊಡ್ಡ ಸುರುಳಿ. ಮೇಲೆ ಸರಸ್ವತಿ, ಕೆಳಗೆ ನಾನು. ಹಿತ್ತಾಳೆಯ ಅಕ್ಷರ ಒಂದೊಂದೂ ಓದುವಂತಿದೆ. ಕಟಿಂಗ್ ಅಂಗಡಿಯವನು ಒಂದು ಕೇಳಿ ಇಸಕೊಂಡ. ಅಡತಿ ಅಂಗಡಿಯಲ್ಲಿ ಸಾವಕಾರರೇ ಮೊಳೆ ಹೊಡೆಸಿ ಹಾಕಿದರು, ಇಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ಕುರ್ಚಿ ತೋರಿಸಿದರು.

ನರ್ಮದಾ ಬಹಳ ಹೊತ್ತು ನೋಡಿದಳು. "ಇದರಾಗ ಯಾರನ್ನ ನೋಡ್ಲಿಕ್ಕೆ ಹತ್ತೀರಿ ನೀವು?"

"ಕ್ಯಾಮೆರಾ."

"ಪೇಟಿ ಮುಂದ ಕೂತು ನೀವು ಗದಿಗೆವ್ವನ್ನ ಬಿಟ್ಟು ಬ್ಯಾರೆ ಕಡೆ ನೋಡಿದ್ದ ನಾ ಕಂಡೇ ಇಲ್ಲ. ಲಗ್ನ ಆದ ಹೊಸದಾಗ ಹೊಟ್ಟಿಕಿಚ್ಚು ಪಟ್ಟೀನಿ ಅದಕ್ಕ. ಈಗ ಇದನ್ನ ನೋಡಿದ್ರ ಯಾರೋ ಪರಕೀಯರು ಕೂತಂಗದ."

ಸಿಟ್ಟು ಬಂತು. ಮಾರ್ತಾಂಡ ಎಂದು ಅಚ್ಚಾದದ್ದು ಒಂದೇ ಒಂದು ಸಲ, ಅದನ್ನೂ ಮನೆಯವರೇ ಮೂಗು ಮುರಿದು ನೋಡಿದರೆ ಹೇಗೆ? ಕ್ಯಾಲೆಂಡರನ್ನು ನಡುಮನೆಯಲ್ಲಿ ನಾನೇ ತೂಗುಹಾಕಿದೆ.

೨೮ ಅಕ್ಟೋಬರ್

ಬರೆಯುವಂಥದ್ದೇನೂ ಇಲ್ಲ. ಬೆರಳು ನೋಯುತ್ತವೆ. ಹೊಸ ಪೇಟಿಯ ಸ್ವರದ ಮನೆಗಳು ಬಿರುಸು.

೪ ನವೆಂಬರ್, ಶನಿವಾರ

ನಿನ್ನೆ ಮುಂಡರಗಿ. ಗದಿಗೆವ್ವನ ಕಡೆಯ ಗಾಯನ ಎಂದು ಹೇಗೋ ಸುದ್ದಿ ಹಬ್ಬಿ, ಗುಡಿಯ ಅಂಗಳ ತುಂಬಿತ್ತು. ಚನ್ನಬಸವಣ್ಣ ಫೋಟೋಗ್ರಾಫರನ ಜೊತೆ ಮುಂದೆಯೇ ಕೂತಿದ್ದ.

ನಾನು ಹಲಗೆಯನ್ನು ಮಂದಿಯ ಕಡೆ ಮಾಡಿ ಕೂತೆ. ತಂಬೂರಿ ಶ್ರುತಿ ಮಾಡಿದ್ದಾಯಿತು, ಮೈಕಿನವನು ಕಂಪನಿಯ ಹೆಸರು ಹೇಳಿದ್ದೂ ಆಯಿತು. ಗದಿಗೆವ್ವ ಹಾಡಲು ಶುರು ಮಾಡಲಿಲ್ಲ. ಎದ್ದಳು. ಜಮಖಾನೆಯ ಮೇಲಿನ ತನ್ನ ಚಾಪೆಯನ್ನು ಎತ್ತಿಕೊಂಡು ಮುಂದೆ ಬಂದು, ವೇದಿಕೆಯ ಅಂಚಿನಲ್ಲಿ, ನನಗೆ ಎದುರಾಗಿ ಹಾಸಿದಳು. ಮಂದಿಗೆ ಬೆನ್ನು ಮಾಡಿ ಕೂತಳು.

ಗುಜುಗುಜು ಎದ್ದಿತು. "ಅಜ್ಜಿ, ಈ ಕಡೆ ತಿರುಗಬೇ!" ಎಂದು ಯಾರೋ ಕೂಗಿದರು. ಗದಿಗೆವ್ವ ಹಿಂದೆ ತಿರುಗದೆಯೇ, "ನನ್ನ ಮಾರಿ ನೋಡಾಕ ಬಂದಿದ್ರ ಮನಿಗೆ ಹೋಗ್ರಿ. ಹಾಡ ಕೇಳಾಕ ಬಂದಿದ್ರ ಕುಂಡ್ರಿ" ಎಂದಳು. ಕಂಪನಿ ನಾಟಕದ ದನಿ ಅದು. ಎಲ್ಲ ತೆಪ್ಪಗಾದರು.

ಆಮೇಲೆ ಮೈಕಿಗೆ ಕೈ ಅಡ್ಡ ಹಿಡಿದು, ನನ್ನತ್ತ ಬಗ್ಗಿ, ಮೆಲ್ಲಗೆ ಕೇಳಿದಳು:

"ನಿಮ್ಮ ಹಲಗಿ ಮಂದಿಗೆ ಕಾಣಲಿ ಬಿಡ್ರಿ ಮಾಸ್ತರ. ನನ್ನ ಹುಬ್ಬು ನಿಮಗ ಕಾಣ್ತೈತಿಲ್ಲೋ ಈಗ?"

ಗೊತ್ತಿತ್ತು ಆಕೆಗೆ. ಇಷ್ಟು ವರ್ಷವೂ ಗೊತ್ತಿತ್ತು. ಬೆಟಗೇರಿಯಲ್ಲೂ ಗೊತ್ತಿತ್ತು, ಲಕ್ಷ್ಮೇಶ್ವರದಲ್ಲೂ ಗೊತ್ತಿತ್ತು. ಆ ದಿನ ಆಕೆ ಹುಬ್ಬು ಎತ್ತಿ ನನಗಾಗಿ ಕಾದಿರಬೇಕು. ನಾನು ಹಿಂದಿನ ಸಾಲಿನವರಿಗೆ ಹಿತ್ತಾಳೆ ತೋರಿಸುತ್ತಿದ್ದೆ. ನಾಚಿಕೆಯಿಂದ ಕುತ್ತಿಗೆ ಬಗ್ಗಿತು. "ಕಾಣ್ತದ ಗದಿಗೆವ್ವ" ಎಂದೆ.

ಭೀಮಪಲಾಸವನ್ನೇ ಹಿಡಿದಳು. ಹುಬ್ಬು ಮೂರು ಕಡೆ ಎದ್ದಿತೋ ನಾಲ್ಕು ಕಡೆಯೋ, ಒಂದೂ ತಪ್ಪಿಸಲಿಲ್ಲ. ನನ್ನ ಕಣ್ಣು ಮಂಜಾಗಿತ್ತು, ಆದರೂ ತಪ್ಪಿಸಲಿಲ್ಲ.

ಮುಗಿದ ಮೇಲೆ ಚನ್ನಬಸವಣ್ಣ ಓಡಿಬಂದ. "ಏನ್ರಿ ಮಾಸ್ತರ ಇದು? ಫೋಟೋದಾಗ ಬರೇ ಆಯಿ ಬೆನ್ನ ಬಂದೈತಿ, ನಮ್ಮ ಹಲಗಿ ಅರ್ಧಾ ಮುಚ್ಚೇತಿ. ಅವರಿಗೆ ತಿರುಗಿ ಕುಂಡ್ರಾಕ ಹೇಳ್ರಿ."

"ಅವರು ಯಾಕ ತಿರುಗಬೇಕು? ತಿರುಗಬೇಕಾದಾಂವ ನಾನು" ಎಂದೆ.

"ಹಂಗಂದ್ರ?"

"ನಿಮ್ಮ ಪೇಟಿ ನೀವು ಒಯ್ರಿ."

ಅವನು ನನ್ನ ಹಿಂದೆ ನಿಂತು ಬಹಳ ತಿಳಿಸಿ ಹೇಳಿದ. ಕೆಟ್ಟವನಲ್ಲ. ಹಲಗೆ ಮುಂದೆ ಇರಬೇಕು ಎಂಬುದು ಅವನ ಕೆಲಸ. ಕಡೆಗೆ, "ಕ್ಯಾಲೆಂಡರ್ ಅಂತೂ ಅಚ್ಚಾಗಿ ಹೋತಲ್ರಿ, ಅದಕ್ಕೇನ ಮಾಡೂದು?" ಎಂದು ಹಣೆ ಒತ್ತಿಕೊಂಡ. ಬರುವ ವರ್ಷದ ಡಿಸೆಂಬರ್ ಮುಗಿಯುವವರೆಗೆ ನಾನು ಕಟಿಂಗ್ ಅಂಗಡಿಯಲ್ಲಿ ನಗುತ್ತ ಇರಬೇಕು. ಇರಲಿ, ನನಗೆ ಅದೇ ತಕ್ಕ ಶಿಕ್ಷೆ.

೫ ನವೆಂಬರ್, ರವಿವಾರ

ಪೇಟಿ ಹುಬ್ಬಳ್ಳಿಗೆ ಹೋಯಿತು. ಈಗ ಮನೆಯಲ್ಲಿ ಪೇಟಿ ಇಲ್ಲ. ನಡುಮನೆಯಲ್ಲಿ ಆ ಜಾಗ ಬೋಳಾಗಿ ಕಾಣುತ್ತದೆ. ನರ್ಮದಾ ಅಲ್ಲಿ ಒಂದು ರಂಗೋಲಿ ಎಳೆ ಹಾಕಿ ಒಳಗೆ ಹೋದಳು.

ಮಧ್ಯಾಹ್ನ ಸೈಕಲ್ ತುಳಿದುಕೊಂಡು ಮಲ್ಲಸಮುದ್ರಕ್ಕೆ ಹೋದೆ. ಹುಚ್ಚೀರಪ್ಪನ ಮುಂದೆ ಹೇಗೆ ಬಾಯಿ ಬಿಡುವುದೋ ತಿಳಿಯದೆ ಬೆಳೆ, ಮಳೆ ಎಲ್ಲ ಮಾತಾಡಿದೆ. ಕಡೆಗೆ ಅವನೇ ಕೇಳಿದ:

"ಪೇಟಿ ನೋಡಾಕ ಬಂದೀರೇನ್ರಿ?"

"ಇಸಕೊಂಡು ಹೋಗ್ಲಿಕ್ಕೆ ಬಂದೀನಿ. ವಾಪಸ್ ಅಲ್ಲ. ಕೈಗಡ."

ಹುಚ್ಚೀರಪ್ಪ ಗುಡಿಯ ಕಡೆ ನೋಡಿ ಯೋಚಿಸಿದ. ದೇವರಿಗೆ ಕೊಟ್ಟದ್ದನ್ನು ಹೊರಗೆ ಬಿಡಬಹುದೋ ಇಲ್ಲವೋ ಎಂದು ಉಳಿದ ಹಿರಿಯರನ್ನೂ ಕರೆಸಿದ. ದೊಡ್ಡ ವಾದವೇ ನಡೆಯಿತು. ಒಬ್ಬರು, ಹಾಡೂ ದೇವರದೇ ಅಲ್ಲವೇ ಎಂದರು. ಇನ್ನೊಬ್ಬರು, ಹಾಗಂತ ನಾಳೆ ಗಂಟೆಯನ್ನೂ ಕೇಳಿಯಾರು ಎಂದರು. ಕಡೆಗೆ ತೀರ್ಮಾನ ಆಯಿತು. ಸೋಮವಾರ ಭಜನೆ, ಆ ದಿನ ಪೇಟಿ ಗುಡಿಯಲ್ಲಿ ಇರಲೇಬೇಕು. ಉಳಿದ ದಿನ ಮಾಸ್ತರರು ಒಯ್ಯಬಹುದು, ತರಬಹುದು.

ನನ್ನ ಪೇಟಿಯನ್ನು ನಾನೇ ಬೇಡಿ ತಂದೆ. ಸೈಕಲ್ ಭಾರವಾಗಿತ್ತು. ದಾರಿಯಲ್ಲಿ ಎರಡು ಸಲ ಇಳಿದು ನೂಕಿದೆ.

ಬೆಟಗೇರಿಯ ಮೇಲೆಯೇ ಬಂದು ಗದಿಗೆವ್ವನ ಬಾಗಿಲಲ್ಲಿ ನಿಂತೆ. "ಶಿರಹಟ್ಟಿಯವರು ಕಾರ್ತೀಕಕ್ಕ ಕರದಾರ. ನೀವು ಬರ್ತೀರಿ ಅಂತ ಹೇಳಿಬಿಟ್ಟೀನಿ" ಎಂದೆ. ಸುಳ್ಳು. ಇನ್ನೂ ಹೇಳಿರಲಿಲ್ಲ. ಆಕೆ ಸೈಕಲ್ಲಿಗೆ ಕಟ್ಟಿದ ಪೇಟಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಒಳಗ ಬರ್ರಿ. ಬಿಸಲಾಗ ಅದರ ಹಲಗಿ ಬಿರದೀತು" ಎಂದಳು.

೧೯ ನವೆಂಬರ್, ರವಿವಾರ

ಶಿರಹಟ್ಟಿಯಿಂದ ಈಗ ಬಂದೆ. ಸೊಂಟದ ನೋವು ಮೊದಲಿನಂತೆಯೇ ಶುರುವಾಗಿದೆ.

ನಿನ್ನೆ ಸಂಜೆ ವೇದಿಕೆಯ ಮೇಲೆ ಪೇಟಿಯ ಮುಚ್ಚಳ ತೆಗೆದು ಕೂತೆ. ಕೂತ ಮೇಲೆ ನೋಡುತ್ತೇನೆ, ಅದಾಗಲೇ ಗದಿಗೆವ್ವನ ಕಡೆಗೆ ತಿರುಗಿತ್ತು. ನಾನು ಯಾವಾಗ ತಿರುಗಿಸಿದೆನೋ ನೆನಪಿಲ್ಲ.

ಗದಿಗೆವ್ವ ತಂಬೂರಿ ಹೆಗಲಿಗೆ ಒರಗಿಸಿಕೊಂಡು ನಗತೊಡಗಿದಳು. ಏನೆಂದರೆ ಹೇಳಲಾರಳು. ಬೆರಳು ಮಾಡಿ ತಿದಿಯ ಹಲಗೆ ತೋರಿಸಿದಳು. ಬಗ್ಗಿ ನೋಡಿದೆ. ಮಲ್ಲಸಮುದ್ರದವರು ಬಿಳಿ ಬಣ್ಣದಲ್ಲಿ, ಸೊಟ್ಟಸೊಟ್ಟ ಅಕ್ಷರಗಳಲ್ಲಿ, 'ಭಜನಾ ಮಂಡಳಿ, ಮಲ್ಲಸಮುದ್ರ. ಯಾರೂ ಒಯ್ಯಬಾರದು' ಎಂದು ಬರೆಸಿಬಿಟ್ಟಿದ್ದರು. ಎರಡು ವಾರ ಮನೆಯಲ್ಲಿ ನುಡಿಸಿದರೂ ನಾನು ಆ ಕಡೆ ನೋಡಿರಲಿಲ್ಲ. ಅಂಗಳದಲ್ಲಿ ಅಷ್ಟು ಮಂದಿ ಇದ್ದರೂ ಅದನ್ನು ಓದಲು ಆಗುತ್ತಿದ್ದದ್ದು ಆಕೆ ಒಬ್ಬಳಿಗೇ.

ಕಾಳಿ ಎರಡರಿಂದ ಇಳಿಸೋಣವೇ ಎಂದು ಕೇಳಿದೆ. "ಯಾಕ? ಅಲ್ಲೇ ಇರಲಿ. ನೀವ ಇದ್ದೀರಲ್ಲ" ಎಂದಳು.

ನಡುವೆ ಕೋಮಲ ನಿಷಾದ ಸಿಕ್ಕಿಕೊಂಡಿತು, ಬೆರಳಿನಿಂದ ಎತ್ತಿದೆ. ಹುಬ್ಬು ಎದ್ದಿತು, ಹಿಡಿದೆ. ಮಂದಿ ವಾಹ್ ಎಂದರು, ಆಕೆಗೆ. ತಿರಕಪ್ಪ ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತು, ಹೆಗಲ ಮೇಲೆ ತಲೆ ಹಾಕಿ ಗೊರಕೆ ಹೊಡೆದ. ಪೇಟಿ ತೊಡೆಯ ಮೇಲೆಯೇ ಇತ್ತು.

ಗದಗು ಹತ್ತಿರ ಬಂದಾಗ ಮುಂದಿನ ಸೀಟಿನಿಂದ ಗದಿಗೆವ್ವ ತಿರುಗಿ ಕೇಳಿದಳು: "ಮುಂದಿನ ಊರು ಯಾವುದ್ರಿ ಮಾಸ್ತರ?"

"ಯಾವ ಊರಾದ್ರೂ ಆತು. ಸೋಮವಾರ ಒಂದು ಬ್ಯಾಡ" ಎಂದೆ.